ವ್ಯಾಖ್ಯೆ ಬರೆಯುವ ಮೊದಲು ಊರಿಗೆ ಬನ್ನಿ

ಹಳ್ಳಿಯ ಕಟ್ಟಡ ನಿಯಮಗಳನ್ನೂ ಸ್ಮಾರಕಗಳ ಸುತ್ತಲಿನ ಉಪವಿಧಿಗಳನ್ನೂ ಬರೆಯುವವರಿಗೆ ಕುರುಡುಮಲೆಯಿಂದ ಒಂದು ಬಹಿರಂಗ ಪತ್ರ



ಕಾಯ್ದೆ ಪುಸ್ತಕ ಕೈಗೆ ಬಂದರೆ ನಮ್ಮ ಜನ ಮೊದಲು ಹುಡುಕುವುದು ದಂಡ ಎಷ್ಟು, ಶುಲ್ಕ ಎಷ್ಟು ಅನ್ನುವುದನ್ನು. ಎರಡನೇ ಕಲಮಿನ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಸಾಮಾನ್ಯವಾಗಿ ಅಲ್ಲಿರುವುದು ವ್ಯಾಖ್ಯೆಗಳು: ಕಟ್ಟಡ ಅಂದರೆ ಯಾವುದು, ನಿರ್ಮಾಣ ಅಂದರೆ ಯಾವುದು, ದುರಸ್ತಿ ಅಂದರೆ ಯಾವುದು. ಮನೆ ಉಳಿಯುತ್ತದೋ ಇಲ್ಲವೋ, ಬ್ಯಾಂಕಿನಲ್ಲಿ ಸಾಲ ಹುಟ್ಟುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲೇ. ಅದನ್ನು ಬರೆಯುವವರು ನೀವು. ಆದ್ದರಿಂದ ಈ ಪತ್ರ ನಿಮಗೆ.

ನಮ್ಮ ಊರು ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರ್. ಹದಿಮೂರೂವರೆ ಅಡಿಯ ಗಣಪತಿಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಹೊಸ ಕೆಲಸಕ್ಕೆ ಕೈಹಾಕುವ ಮುಂಚೆ ಇಲ್ಲಿ ಬಂದು ಕೈಮುಗಿಯುವ ರೂಢಿ ಹಿಂದಿನಿಂದ ಇದೆ. ಅದಕ್ಕಿಂತ ಹಳೆಯದು ಚೋಳರ ಕಾಲದ ಸೋಮೇಶ್ವರ ದೇಗುಲ. ಬಂದವರು ಕಂಬಗಳ ಕೆತ್ತನೆ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಹೊರಡುತ್ತಾರೆ. ಸುತ್ತ ಒಂದು ಊರಿದೆ, ಅದರಲ್ಲಿ ರಾಗಿ ಬೆಳೆಯುವವರು, ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು, ರೇಷ್ಮೆ ಹುಳ ಸಾಕುವವರು ಇದ್ದಾರೆ ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ಅವರದ್ದು ತಪ್ಪಲ್ಲ, ಅವರು ಬಂದಿರುವುದು ದೇವರಿಗಾಗಿ. ನೀವು ಬರೆಯುವುದು ಊರಿಗಾಗಿ, ಆದ್ದರಿಂದ ನಿಮ್ಮ ಗಮನಕ್ಕೆ ಅದು ಬರಲೇಬೇಕು.

ಮೊದಲು ಹಳೆಯ ದೇಗುಲಗಳ ಮಾತು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಕೇಂದ್ರದ ಸಂರಕ್ಷಣೆಯಲ್ಲಿರುವ ಸ್ಮಾರಕದ ಗಡಿಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಪಕ್ಕದ ಆವಣಿಯ ರಾಮಲಿಂಗೇಶ್ವರ, ಕೋಲಾರದ ಕೋಲಾರಮ್ಮ ಮತ್ತು ಸೋಮೇಶ್ವರ ದೇಗುಲಗಳ ಸುತ್ತ ಬದುಕುವವರಿಗೆ ಈ ಅಳತೆ ಗೊತ್ತು. ಅದು ಇರಬೇಕಾದದ್ದೇ. ಅದಿಲ್ಲದಿದ್ದರೆ ಆ ಗೋಪುರಗಳ ಪಕ್ಕದಲ್ಲೇ ನಾಲ್ಕಂತಸ್ತಿನ ಲಾಡ್ಜುಗಳು ಎದ್ದಿರುತ್ತಿದ್ದವು. ನನ್ನ ಮಾತು ಅಳತೆಯ ಬಗ್ಗೆ ಅಲ್ಲ, ಅದರೊಳಗೆ ಬಳಸಿರುವ ಮೂರು ಪದಗಳ ಬಗ್ಗೆ.

ನಿರ್ಮಾಣ, ಮರುನಿರ್ಮಾಣ, ದುರಸ್ತಿ. ಕಟ್ಟಡವನ್ನು ಉದ್ದಕ್ಕಾಗಲಿ ಎತ್ತರಕ್ಕಾಗಲಿ ಬೆಳೆಸಿದರೆ ಅದು ನಿರ್ಮಾಣ. ಇದ್ದ ಕಟ್ಟಡವನ್ನು ಅದೇ ಅಗಲ, ಅದೇ ಎತ್ತರಕ್ಕೆ ಮತ್ತೆ ಎಬ್ಬಿಸಿದರೆ ಮರುನಿರ್ಮಾಣ. ಇದ್ದ ಕಟ್ಟಡದಲ್ಲಿ ಮಾಡುವ ಬದಲಾವಣೆ ದುರಸ್ತಿ, ಆದರೆ ಮೊದಲಿನ ಎರಡೂ ಅದರಲ್ಲಿ ಸೇರುವುದಿಲ್ಲ. 100 ಮೀಟರಿನೊಳಗೆ, 1992ರ ಜೂನ್ 16ಕ್ಕಿಂತ ಮೊದಲಿಂದ ಇರುವ ಮನೆಗೆ ಅನುಮತಿ ಪಡೆದು ದುರಸ್ತಿ ಮಾಡಿಸಬಹುದು. ಮರುನಿರ್ಮಾಣಕ್ಕೆ ಅಲ್ಲಿ ಅವಕಾಶವಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇದನ್ನು ಕಾಂಕ್ರೀಟು ಮನೆಯನ್ನು ಮನಸ್ಸಿನಲ್ಲಿಟ್ಟು ಓದಿದರೆ ಏನೂ ತೊಡಕಿಲ್ಲ. ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಗೋಡೆಯವು, ಮೇಲೆ ಕಲ್ಲು ಚಪ್ಪಡಿಯ ಮಾಳಿಗೆ. ಮಣ್ಣಿನ ಗೋಡೆ ಒಂದೇ ಸಲ ಕಟ್ಟಿ ಮುಗಿಸುವಂಥದ್ದಲ್ಲ. ಮಳೆಗಾಲ ಕಳೆದ ಮೇಲೆ ಕರಗಿದ ಕಡೆ ಮಣ್ಣು ಮೆತ್ತಬೇಕು, ಬಿರುಕು ಬಿಟ್ಟ ಮೂಲೆಯನ್ನು ಕೆಡವಿ ಏರಿಸಬೇಕು, ಸೀಳಿದ ಚಪ್ಪಡಿ ಇಳಿಸಿ ಬೇರೆಯದು ಹೊದಿಸಬೇಕು. 2021ರ ನವೆಂಬರಿನಲ್ಲಿ ಎಡೆಬಿಡದೆ ಹುಯ್ದ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಇಂಥ ಮನೆಗಳೇ ಕುಸಿದದ್ದು. ಒಂದು ಗೋಡೆ ಬಿದ್ದರೆ ಎತ್ತಿ ಕಟ್ಟುವುದು ದುರಸ್ತಿ ಅಂತ ಒಪ್ಪೋಣ. ಎರಡು ಬಿದ್ದರೆ? ಮೂರು ಬಿದ್ದು ಬಾಗಿಲುವಾಡ ಮಾತ್ರ ನಿಂತಿದ್ದರೆ? ಯಾವ ಗೋಡೆಗೆ ದುರಸ್ತಿ ಮುಗಿದು ಮರುನಿರ್ಮಾಣ ಶುರುವಾಗುತ್ತದೆ ಎಂದು ವ್ಯಾಖ್ಯೆ ಹೇಳುವುದಿಲ್ಲ. ಹೇಳದೆ ಬಿಟ್ಟದ್ದನ್ನು ಸ್ಥಳಕ್ಕೆ ಬರುವ ಅಧಿಕಾರಿ ತುಂಬುತ್ತಾರೆ. ಒಬ್ಬರು ಉದಾರಿ, ಇನ್ನೊಬ್ಬರು ಬಿಗಿ. ಒಂದೇ ಬೀದಿಯ ಎರಡು ಮನೆಗೆ ಎರಡು ನ್ಯಾಯ.

ಇದನ್ನು ಅಳೆಯಲು ಬರುವುದಿಲ್ಲ ಎಂದು ದಯವಿಟ್ಟು ಹೇಳಬೇಡಿ. ನಮ್ಮ ಕಂದಾಯ ಇಲಾಖೆ ಮಳೆಗೆ ಬಿದ್ದ ಮನೆಗಳ ಪರಿಹಾರಕ್ಕೆ ಇದನ್ನೇ ಅಳೆಯುತ್ತದೆ. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ಎ ವರ್ಗ, 25ರಿಂದ 75ರವರೆಗೆ ಬಿ, 15ರಿಂದ 25ರವರೆಗೆ ಸಿ. ಗ್ರಾಮ ಆಡಳಿತಾಧಿಕಾರಿಯೂ ಎಂಜಿನಿಯರೂ ಬಂದು ನೋಡಿ ಬರೆದುಕೊಂಡು ಹೋಗುತ್ತಾರೆ. ಆ ಅಳತೆಯಲ್ಲೂ ಜಗಳಗಳಿವೆ, ಆದರೆ ಜಗಳ ಆಡಲು ಒಂದು ಅಂಕೆಯಾದರೂ ಇದೆ. ಸ್ಮಾರಕದ ಉಪವಿಧಿ ಬರೆಯುವವರು ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಇಷ್ಟು ಭಾಗದವರೆಗೆ ಬಿದ್ದದ್ದನ್ನು ಅದೇ ಮಣ್ಣು, ಅದೇ ಕಲ್ಲಿನಲ್ಲಿ ಎತ್ತಿದರೆ ದುರಸ್ತಿ ಎಂದು ಒಂದು ವಾಕ್ಯ ಸೂಚಿಸಬಹುದು. ಕಾಯ್ದೆಯೇ ಅದಕ್ಕೆ ಅಡ್ಡ ಬಂದರೆ, ಕಾಯ್ದೆ ತಿದ್ದಬೇಕಾದವರಿಗೆ ಆ ಮಾತನ್ನು ಮುಟ್ಟಿಸುವ ಹೊಣೆಯೂ ನಿಮ್ಮದೇ.

ಇನ್ನೊಂದು ಇದೆ, ಹೇಳಲು ಸಂಕೋಚ ಪಡಬೇಕಾದದ್ದು, ಆದರೆ ಹೆಣ್ಣುಮಕ್ಕಳಿರುವ ಮನೆಯವರು ಸಂಕೋಚ ಬಿಟ್ಟು ಹೇಳಲೇಬೇಕಾದದ್ದು. ಅದೇ ಕಾಯ್ದೆಯ ನಿರ್ಮಾಣದ ವ್ಯಾಖ್ಯೆ ಚರಂಡಿ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕರ ನೀರು, ವಿದ್ಯುತ್ ಕೆಲಸಗಳನ್ನು ಹೊರಗಿಟ್ಟಿದೆ. ಅಂದರೆ ಅವಕ್ಕೆ ನಿಷೇಧ ತಾಗುವುದಿಲ್ಲ. ಒಳ್ಳೆಯದು. ಮನೆಯ ಹಿತ್ತಿಲಲ್ಲಿ ಆ ಮನೆಯವರೇ ಕಟ್ಟಿಕೊಳ್ಳುವ ಶೌಚಾಲಯ? ಅದು ಸಾರ್ವಜನಿಕವಲ್ಲ, ಇದ್ದ ಮನೆಗೆ ಹೊಸದಾಗಿ ಸೇರುವಂಥದ್ದು. ಅಕ್ಷರಶಃ ಓದಿದರೆ ಅದು ನಿರ್ಮಾಣ. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಅಭಿಯಾನ ಮನೆಮನೆಗೂ ಶೌಚಾಲಯ ಕಟ್ಟಿಸಿ ಎಂದು ಹಣ ಕೊಟ್ಟಿತು. ಒಂದೇ ಸರ್ಕಾರದ ಒಂದು ಕೈ ಕಟ್ಟು ಅನ್ನುವಾಗ ಇನ್ನೊಂದು ಕೈ ಬೇಡ ಅನ್ನುವ ಸ್ಥಿತಿ ಒಂದೇ ಒಂದು ಪದದಿಂದ ಹುಟ್ಟಿದೆ. ‘ಮನೆಯ ಶೌಚಾಲಯ’ ಎಂದು ಆ ಪಟ್ಟಿಗೆ ಸೇರಿಸಿದ್ದರೆ ಯಾವ ದೇಗುಲದ ಯಾವ ಕಲ್ಲಿಗೂ ಧಕ್ಕೆ ಆಗುತ್ತಿರಲಿಲ್ಲ.

ವ್ಯಾಖ್ಯೆ ಬದಲಾಯಿಸುವುದು ಅಷ್ಟು ಸುಲಭವಲ್ಲ ಅನ್ನುತ್ತೀರಿ. ಇದೇ ಕಾಯ್ದೆಗೆ 2017ರಲ್ಲಿ ಒಂದು ತಿದ್ದುಪಡಿ ಮಸೂದೆ ಬಂತು, 2018ರ ಜನವರಿಯಲ್ಲಿ ಲೋಕಸಭೆ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. 100 ಮೀಟರಿನೊಳಗೆ ಕೇಂದ್ರ ಸರ್ಕಾರದ ದೊಡ್ಡ ಕಾಮಗಾರಿಗಳಿಗೆ ದಾರಿ ಮಾಡುವುದು ಅದರ ಉದ್ದೇಶ. ಅದಕ್ಕೆ ಹಿಡಿದ ಮಾರ್ಗ ‘ಸಾರ್ವಜನಿಕ ಕಾಮಗಾರಿ’ ಎಂಬ ಹೊಸ ವ್ಯಾಖ್ಯೆ ಸೇರಿಸುವುದು. ರಾಜ್ಯಸಭೆಯಲ್ಲಿ ಅದು ಆಯ್ಕೆ ಸಮಿತಿಗೆ ಹೋಗಿ ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು ಎಂದು ನಂಬಿರುವವರಲ್ಲಿ ನಾನೂ ಒಬ್ಬ. ಆದರೆ ಹೆದ್ದಾರಿಗಾಗಿ ಹೊಸ ವ್ಯಾಖ್ಯೆ ಬರೆಯಲು ಮನಸ್ಸಿದ್ದವರಿಗೆ ಮಣ್ಣಿನ ಗೋಡೆಗಾಗಿ ಒಂದು ಸಾಲು ಬರೆಯಲು ಸಾಧ್ಯವಿಲ್ಲ ಎಂದರೆ ನಂಬುವುದು ಹೇಗೆ?

2010ರ ತಿದ್ದುಪಡಿ ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪವಿಧಿ ಇರಬೇಕು ಎನ್ನುತ್ತದೆ. ಮನೆಯ ಮುಖ ಹೇಗಿರಬೇಕು, ಎತ್ತರ ಎಷ್ಟು, ಚರಂಡಿ, ರಸ್ತೆ, ಕರೆಂಟ್ ಕಂಬ ಎಲ್ಲವೂ ಅದರಲ್ಲಿ ಬರಬೇಕು. ಊರಿಗೆ ತಕ್ಕ ಮಾತನ್ನು ಬರೆಯಲು ಕಾಯ್ದೆಯೇ ನಿಮಗೆ ಕೊಟ್ಟಿರುವ ಜಾಗ ಅದು. ಅದನ್ನು ಬೇರೆ ಊರಿನ ಕಡತದಿಂದ ನಕಲು ಮಾಡಿ ತುಂಬಬೇಡಿ.

ಇನ್ನು ಪಂಚಾಯಿತಿಯ ಕಡೆಗೆ ಬರುತ್ತೇನೆ. ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಅರ್ಜಿ ಹಿಡಿದು ಹೋದವರನ್ನು ಕೇಳುವ ಪ್ರಶ್ನೆ ಒಂದೇ: ವಾಸಕ್ಕೋ, ವಾಣಿಜ್ಯಕ್ಕೋ, ಕೈಗಾರಿಕೆಗೋ? ನಮ್ಮ ಜಿಲ್ಲೆಯ ರೇಷ್ಮೆ ಹುಳದ ಮನೆ ಇವುಗಳಲ್ಲಿ ಯಾವುದು? ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಾಲ್ಕು ಹಂತ ದಾಟಿ, ಗೂಡು ಕಟ್ಟಲು ಹಣ್ಣಾಗುವ ತನಕ ಹುಳ ಇರುವುದು ಅಲ್ಲಿ. ಬಿಸಿ ಹೆಚ್ಚಬಾರದು, ತೇವ ಆರಬಾರದು, ಗಾಳಿ ಆಡಬೇಕು, ಊಜಿ ನೊಣ ನುಗ್ಗದಂತೆ ಕಿಟಕಿಗೆಲ್ಲ ಬಲೆ ಇರಬೇಕು. ಹಿಂದೆ ಜನರೂ ಹುಳವೂ ಒಂದೇ ಸೂರಿನಡಿ ಇದ್ದರು. ಪಡಸಾಲೆಯ ತುಂಬ ತಟ್ಟೆ, ಹೊರಗೆ ಗೂಡು ಕಟ್ಟಿಸುವ ಚಂದ್ರಂಕಿ, ಮಲಗಲು ಜಾಗವಿಲ್ಲದ ಮಕ್ಕಳು. ರೇಷ್ಮೆ ಇಲಾಖೆಯೇ ಬೇರೆ ಮನೆ ಕಟ್ಟಿಕೊಳ್ಳಿ ಎಂದು ಹೇಳಿ ಸಹಾಯಧನವನ್ನೂ ಕೊಟ್ಟಿತು. ಕಟ್ಟಿದ ಮೇಲೆ ಅದು ಬೇಸಾಯದ ಕಟ್ಟಡವೋ, ತೆರಿಗೆ ಕಟ್ಟಬೇಕಾದ ಉದ್ದಿಮೆಯೋ ಎಂಬ ತರ್ಕ.

1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣ ಬೇಸಾಯದ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಲು, ಬಾವಿ ತೋಡಲು ರೈತನಿಗೆ ಹಕ್ಕು ಕೊಟ್ಟಿದೆ. 1961ರ ಭೂಸುಧಾರಣೆ ಕಾಯ್ದೆ ಬರೆದವರು ವ್ಯವಸಾಯ ಎಂಬ ಪದದೊಳಗೆ ತೋಟಗಾರಿಕೆ, ಹೈನುಗಾರಿಕೆ, ಕೋಳಿ ಸಾಕಣೆ, ಜಾನುವಾರು ತಳಿ ಬೆಳೆಸುವುದು, ಮೇವು, ಎಲ್ಲವನ್ನೂ ಹೆಸರು ಹಿಡಿದು ಬರೆದರು. ಹಳ್ಳಿಯಲ್ಲಿ ಏನು ನಡೆಯುತ್ತದೆ ಎಂದು ತಿಳಿದವರು ಬರೆದ ಸಾಲು ಅದು, ಓದಿದರೆ ಗೊತ್ತಾಗುತ್ತದೆ. ಆ ಮೇಲ್ಪಂಕ್ತಿ ಹಿಡಿದು ಕಟ್ಟಡ ನಿಯಮದಲ್ಲಿ ಹುಳದ ಮನೆ, ದನದ ಕೊಟ್ಟಿಗೆ, ಟೊಮೆಟೊ ಕ್ರೇಟು ಜೋಡಿಸುವ ಚಪ್ಪರ ಎಂದು ಹೆಸರಿಟ್ಟೇ ಬರೆಯಿರಿ. ‘ಇತ್ಯಾದಿ’ ಎಂದು ಬಿಡಬೇಡಿ. ಇತ್ಯಾದಿಯನ್ನು ತೋರಿಸಿ ಯಾವ ರೈತನೂ ಯಾವ ಕಚೇರಿಯಲ್ಲೂ ಕೆಲಸ ಮಾಡಿಸಿಕೊಂಡದ್ದಿಲ್ಲ.

ಜಗಲಿಯದ್ದೂ ಇದೇ ಕಥೆ. ದೆಹಲಿಯ ಮಾಳಿಗೆ ಮೇಲಿನ ಬರ್ಸಾತಿ ಕೋಣೆ 2005ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ವ್ಯಾಖ್ಯೆಗಳಲ್ಲಿ ಜಾಗ ಪಡೆದಿತ್ತು. ಯಾರೋ ಆ ಊರಿನ ಮನೆ ಬಲ್ಲವರು ಅದನ್ನು ಬರೆಸಿರಬೇಕು. ಆದರೆ ಬೀದಿಗೆ ಚಾಚಿದ ನಮ್ಮ ಜಗಲಿ ಮೆಟ್ಟಿಲೋ, ವರಾಂಡವೋ, ಒತ್ತುವರಿಯೋ ಎಂಬುದು ರಸ್ತೆ ಅಗಲಿಸುವ ದಿನ ಜೆಸಿಬಿ ಬಂದ ಮೇಲೆ ಗೊತ್ತಾಗುತ್ತದೆ.

ಜಮೀನಿನ ದಾಖಲೆಯಲ್ಲಿ ಬರುವ ಖರಾಬಿನ ವಿಷಯ ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಉಳಲು ಬಾರದ ನೆಲ ಎ ಖರಾಬು, ಸಾರ್ವಜನಿಕರಿಗೆಂದು ಬಿಟ್ಟದ್ದು ಬಿ ಖರಾಬು. ಊರಿನವರೆಲ್ಲ ರಾಗಿ ಒಣಗಿಸುವ, ಕಣ ಮಾಡುವ ಬಂಡೆ ಉಳಲು ಬಾರದು, ಹಾಗಾಗಿ ಎ ಎಂದು ಬರೆದರೆ ಅದು ಪಕ್ಕದ ಹಿಡುವಳಿಯ ಜೊತೆಗೆ ಸೇರಿಹೋಗುತ್ತದೆ. ಎಲ್ಲರೂ ಬಳಸುವುದರಿಂದ ಅದು ಬಿ. ಯಾವ ಅಕ್ಷರ ಎಂದು ಬರೆಯುವ ಮೊದಲು ಸುಗ್ಗಿಯ ಕಾಲದಲ್ಲಿ ಒಂದು ಸಲ ಬಂದು ನೋಡಬೇಕು.

ದಾಖಲೆಗಳ ಕಷ್ಟ ನಿಮಗೆ ಗೊತ್ತಿರುವುದೇ. ಗ್ರಾಮಠಾಣಾದೊಳಗಿನ, ಅಂದರೆ ಊರಿನ ವಸತಿಯ ಗೆರೆಯೊಳಗಿನ ಸ್ವತ್ತಿಗೆ ಪಂಚಾಯಿತಿ ಕೊಡುವುದು ನಮೂನೆ 9 ಮತ್ತು 11ಎ, ಆಚೆ ಪರಿವರ್ತನೆಯಾಗದ ನೆಲದಲ್ಲಿ ಕಟ್ಟಿದ್ದಕ್ಕೆ 11ಬಿ. ಕೈಗೆ ಬರುವ ಕಾಗದ ಯಾವುದು ಎಂಬುದರ ಮೇಲೆ ಬ್ಯಾಂಕಿನವರ ಮುಖ ಬದಲಾಗುತ್ತದೆ. ಗ್ರಾಮಠಾಣಾದ ಗೆರೆ ಎಳೆದಾಗ ಊರು ಚಿಕ್ಕದಿತ್ತು. ಅಣ್ಣತಮ್ಮಂದಿರು ಪಾಲಾದರು, ಗೆರೆ ಅಲ್ಲೇ ಉಳಿಯಿತು, ಮನೆಗಳು ದಾಟಿದವು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಮನೆಯ ಸುತ್ತ ಸುಣ್ಣದ ಗೆರೆ ಹಾಕಿ ಡ್ರೋನಿನಿಂದ ಅಳತೆ ಮಾಡುತ್ತಾರೆ. ಹಿತ್ತಿಲು, ತಿಪ್ಪೆ, ಕೊಟ್ಟಿಗೆ, ಹುಲ್ಲಿನ ಬಣವೆಯ ಜಾಗ ಮನೆಯ ಭಾಗ ಎಂದು ನಿಯಮ ಹೇಳಿದರೆ ತಾನೇ ಸುಣ್ಣ ಹಾಕುವವರು ಅದನ್ನು ಸುತ್ತಿ ಬರುವುದು?

ನಾನು ಸಡಿಲಿಕೆ ಕೇಳುತ್ತಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಪದ ಸಡಿಲವಾದಷ್ಟೂ ಲಾಭ ಹಣವಂತನಿಗೆ. ತೋಟದ ಮನೆ ಎಂದು ಅನುಮತಿ ಪಡೆದು ರೆಸಾರ್ಟ್ ನಡೆಸಬಹುದು, ಧರ್ಮಶಾಲೆ ಎಂದು ಬರೆದು ಲಾಡ್ಜ್ ಎಬ್ಬಿಸಬಹುದು. ದೇಗುಲಕ್ಕೆ ಬರುವವರು ಹೆಚ್ಚಿದಷ್ಟೂ ಅಂಥವರು ಬರುತ್ತಾರೆ. ಅವರ ಜೊತೆ ವಕೀಲರಿರುತ್ತಾರೆ. 2011ರ ಜುಲೈಯಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ತಲೆಮಾರುಗಳಿಂದ ಇದ್ದವರ ಮನೆ, ಅಂಗಡಿ ಕೆಡವಿದಾಗ ಬೀದಿಗೆ ಬಂದವರು ಸಣ್ಣ ಜನ. ಕಂಬಕ್ಕೆ ಮೊಳೆ ಹೊಡೆಯುವುದು ತಪ್ಪು, ಅದನ್ನು ಯಾರೂ ಸಮರ್ಥಿಸಬಾರದು. ಆದರೆ ಅಲ್ಲಿ ಹುಟ್ಟಿ ಬೆಳೆದವನಿಗೂ ನಿನ್ನೆ ಬಂದು ಹೋಟೆಲ್ ಹಾಕಿದವನಿಗೂ ಒತ್ತುವರಿದಾರ ಎಂಬ ಒಂದೇ ಪದ ಸಾಲದು.

ನಮ್ಮ ಬೇಡಿಕೆಗಳು ಇವು. ಕರಡು ಸಿದ್ಧವಾದಾಗ ವ್ಯಾಖ್ಯೆಗಳ ಭಾಗವನ್ನು ಮೊದಲು ಕನ್ನಡದಲ್ಲಿ ಅಚ್ಚು ಮಾಡಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಗಡಿಯ ನಮ್ಮ ಊರುಗಳಲ್ಲಿ ಮನೆಯೊಳಗೆ ತೆಲುಗು ಆಡುವವರು ಬಹಳ, ಅವರಿಗೂ ಅರ್ಥವಾಗುವ ಸರಳ ಕನ್ನಡ ಸಾಕು. ಗ್ರಾಮಸಭೆ ಕರೆದು ಅದನ್ನು ಜೋರಾಗಿ ಓದಿಸಿ. ಗಾರೆ ಕೆಲಸದವರನ್ನು, ಚಪ್ಪಡಿ ಎಬ್ಬಿಸುವ ಕಲ್ಲುಕುಟಿಗರನ್ನು, ಹುಳ ಸಾಕುವ ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಅವರು ಎತ್ತಿದ ಆಕ್ಷೇಪಕ್ಕೆ ಬರಹದಲ್ಲಿ ಉತ್ತರ ಕೊಡಿ. ಆ ಮೇಲೆ ದಂಡ, ಶುಲ್ಕ, ಅಳತೆ ಏನು ಬರೆದರೂ ನಾವು ಪಾಲಿಸುತ್ತೇವೆ. ಸುಗ್ಗಿ ಮುಗಿಯುವುದರೊಳಗೆ ಬನ್ನಿ, ಊರು ತೋರಿಸುತ್ತೇವೆ.

ಇತಿ,
ಕುರುಡುಮಲೆಯ ಒಬ್ಬ ನಿವಾಸಿ