ಪಟ್ಟೆ-ಸಂಕಥನ: ಬ್ರಿಟನ್ನಿನ ಹಳೆಯ ಗಸ್ತು ಕಾರುಗಳ ಕೆಲವು ತಾತ್ವಿಕ ನೆಲೆಗಳು

ಪ್ರಸ್ತುತ ಪ್ರಬಂಧವು ಬ್ರಿಟನ್ನಿನ ಹಳೆಯ ಪೊಲೀಸ್ ಗಸ್ತು ಕಾರುಗಳ ಮೈಮೇಲಿನ ಪಟ್ಟೆಯನ್ನು ಪಠ್ಯವೆಂದು ಗ್ರಹಿಸಿ, ಅದರ ಮೌನಗಳೊಡನೆ ಮುಖಾಮುಖಿಯಾಗುವ ವಿನಮ್ರ ಯತ್ನ. ಈ ಕ್ಷೇತ್ರದಲ್ಲಿ ಈವರೆಗೆ ಕೆಲಸ ಮಾಡಿದವರೆಲ್ಲ ರಸಿಕರು. ಹಳೆಯ ಕಾರನ್ನು ಹೊಸದಾಗಿಸಿ, ಭಾನುವಾರ ಮೈದಾನದಲ್ಲಿ ನಿಲ್ಲಿಸಿ, ಪಕ್ಕದವನ ಕಾರಿನ ಕೆಂಪು ಒಂದು ಛಾಯೆ ತಪ್ಪಿದೆ ಎಂದು ಪಿಸುಗುಡುವವರು. ಅವರಲ್ಲಿ ಮಾಹಿತಿ ಇದೆ, ತಾತ್ವಿಕತೆ ಇಲ್ಲ. ನಮ್ಮಲ್ಲಿ ತಾತ್ವಿಕತೆ ಇದೆ; ಮಾಹಿತಿಯನ್ನು ಅವರಿಂದಲೇ ಎತ್ತಿಕೊಳ್ಳಲಾಗಿದೆ.

ಮೊದಲಿಗೆ ಪರಿಭಾಷೆ. ಪಟ್ಟೆಗಳು ಎರಡು ಬಗೆ: ಕಾರು ನಿಂತಾಗ ಕಾಣುವುದು ಸ್ಥಾಯೀಪಟ್ಟೆ, ಓಡುವಾಗ ಕಾಣುವುದು ಸಂಚಾರೀಪಟ್ಟೆ. ಎರಡೂ ಒಂದೇ ಪಟ್ಟೆಯಲ್ಲವೇ ಎಂದು ಕೇಳುವವರಿಗೆ ಅಭಿನವಗುಪ್ತನ ಪರಿಚಯ ಸಾಲದು ಎಂದಷ್ಟೇ ಹೇಳಬಹುದು. ಸಾತ್ವಿಕಪಟ್ಟೆ ಎಂಬ ಮೂರನೆಯ ಬಗೆಯನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ಇನ್ನು ಕಾಲವಿಭಜನೆ. ನಮ್ಮ ಸಾಹಿತ್ಯ ಚರಿತ್ರೆಕಾರರು ಪಂಪ ಯುಗ, ಬಸವ ಯುಗ, ಕುಮಾರವ್ಯಾಸ ಯುಗ ಎಂದು ವಿಂಗಡಿಸಿದ ಮಾದರಿಯಲ್ಲೇ ಇಲ್ಲಿ ಘಂಟಾಯುಗ, ಜ್ಯಾಮ್ ಯುಗ, ಕೇಕ್ ಯುಗ ಎಂಬ ಮೂರು ಘಟ್ಟಗಳನ್ನು ಗುರುತಿಸಿಕೊಳ್ಳಲಾಗಿದೆ.

ಘಂಟಾಯುಗದ ಪ್ರಾತಿನಿಧಿಕ ಪಠ್ಯವೆಂದರೆ ಲಂಡನ್ ಪೊಲೀಸರ ಕಪ್ಪು ವುಲ್ಸ್‌ಲಿ. ಮುಂಭಾಗಕ್ಕೊಂದು ಗಂಟೆ. ಮೈಮೇಲೆ ಪಟ್ಟೆಯೇ ಇಲ್ಲ. ಆದ್ದರಿಂದ ಅನುಪಸ್ಥಿತಿಯೇ ಇಲ್ಲಿ ಪ್ರಬಲ ಉಪಸ್ಥಿತಿ. ಮೂತಿಯ ಮೇಲಿನ ಕಂಪನಿ ಲಾಂಛನ ರಾತ್ರಿ ಬೆಳಗುತ್ತಿತ್ತು. ಇದನ್ನು ಪ್ರಭುತ್ವದ ಹಣೆಗಣ್ಣು ಎಂದು ಓದಲು ಸಾಧ್ಯವಿದೆ. ಡಾಕ್ಟರು ವಕೀಲರು ಕೊಂಡ ವುಲ್ಸ್‌ಲಿಗೂ ಅದೇ ದೀಪವಿತ್ತು ಎಂಬುದು ಈ ಓದಿಗೆ ತುಸು ತೊಡಕು. ಹಾಗಾಗಿ ಅದನ್ನು ಅಡಿಟಿಪ್ಪಣಿಗೆ ತಳ್ಳಿ, ಅಡಿಟಿಪ್ಪಣಿಯನ್ನು ತೆಗೆದುಹಾಕಲಾಗಿದೆ.

ಘಂಟೆ ಮತ್ತು ಜ್ಯಾಮಿನ ಸಂಧಿಕಾಲದಲ್ಲಿ ಎರಡು ಬಣ್ಣದ ಪಾಂಡಾ ಕಾರುಗಳ ಪಂಥ ಬರುತ್ತದೆ. 1965ರಲ್ಲಿ ಲ್ಯಾಂಕಾಶೈರಿನ ಕರ್ಕ್‌ಬಿಯಲ್ಲಿ ತಿಳಿನೀಲಿ-ಬಿಳಿಯ ಫೋರ್ಡ್ ಆಂಗ್ಲಿಯಾಗಳನ್ನು ಬೀಟಿನ ಪೇದೆಗಳಿಗೆ ಕೊಟ್ಟರು. ನಡೆಯುತ್ತಿದ್ದವನು ಕೂತ. ಹೆಚ್ಚು ಬೀದಿ ಸುತ್ತಿದ, ಕಡಿಮೆ ಜನರ ಹತ್ತಿರ ಮಾತಾಡಿದ.

ಜ್ಯಾಮ್ ಯುಗವೇ ರಸಿಕರ ಸುವರ್ಣಯುಗ. ಬಿಳಿ ಕಾರು, ಸೊಂಟದ ಸುತ್ತ ಕೆಂಪು ಪಟ್ಟೆ. ಜನ ಇದನ್ನು ಜ್ಯಾಮ್ ಸ್ಯಾಂಡ್‌ವಿಚ್ ಎಂದರು. ಬಿಳಿಯ ನಡುವೆ ಕೆಂಪು ಹಾಯುವ ಈ ಬಗೆಯನ್ನು ಕೇಂದ್ರ-ಪರಿಧಿಗಳ ಅನುಸಂಧಾನವೆಂದೂ, ಯಜಮಾನಿಕೆಯ ಸ್ವ-ಅಂಚುಗಟ್ಟುವಿಕೆಯೆಂದೂ ವಿವರಿಸಬಹುದು. ಅಸಲು ಸಂಗತಿ ಇಷ್ಟೇ: ಬಿಳಿ ಕಾರಿಗೆ ಅಂಟಿನ ಹಾಳೆ ಹಚ್ಚಿದರೆ ಸೇವೆ ಮುಗಿದ ಮೇಲೆ ಪಟ್ಟೆ ಕಿತ್ತು ಮಾರುವುದು ಸುಲಭ. ಹಾಳೆ ಕಿತ್ತ ಕಡೆ ಬಿಸಿಲು ಕಾಣದ ಬಣ್ಣ ಬೇರೆಯಾಗಿ ಉಳಿಯುತ್ತದೆ. ಆ ಗುರುತನ್ನು ರಸಿಕರು ಸವೆದ ಶಾಸನದಂತೆ ಬೆರಳಾಡಿಸಿ ಓದಿ, ಪಟ್ಟೆ ಎಲ್ಲಿತ್ತೆಂದು ಹೇಳುತ್ತಾರೆ. ಈ ಒಂದು ವಿದ್ಯೆಗೆ ನಾನೂ ತಲೆಬಾಗುತ್ತೇನೆ.

ಕೇಕ್ ಯುಗದ ಲಕ್ಷಣವೆಂದರೆ 1990ರ ದಶಕದಲ್ಲಿ ಗೃಹ ಇಲಾಖೆಯ ವಿಜ್ಞಾನ ಶಾಖೆ ರೂಪಿಸಿದ ನೀಲಿ-ಹಳದಿ ಚೌಕಗಳು. ಬ್ಯಾಟನ್‌ಬರ್ಗ್ ಕೇಕಿನ ಹೋಳಿನಲ್ಲೂ ಇಂಥವೇ ಚೌಕಗಳು; ಅದರ ಹೆಸರೇ ಇದಕ್ಕೂ ಅಂಟಿತು. ಹಗಲಲ್ಲಿ 500 ಮೀಟರ್ ದೂರದಿಂದಲೇ ಪೊಲೀಸ್ ಕಾರೆಂದು ಗುರುತು ಸಿಗಬೇಕು, ಹೆದ್ದಾರಿ ಬದಿಯಲ್ಲಿ ನಿಂತ ಕಾರಿಗೆ ಲಾರಿ ಬಂದು ಗುದ್ದಬಾರದು. ಒಳಗೆ ಕೂತವರ ಜೀವ ಉಳಿಸುವ ಈ ವಿನ್ಯಾಸವನ್ನು ರಸಿಕರು ಅವನತಿ ಎನ್ನುತ್ತಾರೆ.

ಉತ್ತರ-ಕೇಕ್ ಯುಗ ಎಂಬ ಉಪವಿಭಾಗವೂ ನನ್ನ ಟಿಪ್ಪಣಿಯಲ್ಲಿತ್ತು. ಬಿಡಿ. ಇಂಥ ವಿಂಗಡಣೆಗಳನ್ನು ಊಟದ ಹೊತ್ತು ಮೀರುವ ತನಕ ಕೂತು ಕೇಳಿದವನು ನಾನು. ಸೇಡು ತೀರಿಸಿಕೊಳ್ಳುತ್ತಿದ್ದೇನೆ ಎಂದು ಯಾರಾದರೂ ಅಂದರೆ ಅಲ್ಲಗಳೆಯುವುದಿಲ್ಲ.

ರಸಿಕರು ಮತ್ತೆ ಮತ್ತೆ ಹೇಳುವ ಕಥೆಯೊಂದಿದೆ. 1987ರ ಮೇ 8. ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣಕ್ಕೆ ಕಸಿಗಾಗಿ ಬಂದಿಳಿದ ಯಕೃತ್ತನ್ನು ಲಂಡನ್ನಿನ ಕ್ರಾಮ್‌ವೆಲ್ ಆಸ್ಪತ್ರೆಗೆ ಮುಟ್ಟಿಸಬೇಕಿತ್ತು. ಕೆಂಪು ಪಟ್ಟೆಯ ರೋವರ್ ಎಸ್‌ಡಿ1 ಆ ದಾರಿಯ 27 ಮೈಲಿಯನ್ನು, ಲಂಡನ್ನಿನ ಗಿಜಿಗಿಜಿಯ ನಡುವೆ, ಸುಮಾರು ಅರ್ಧ ಗಂಟೆಯಲ್ಲಿ ದಾಟಿತು. ಇದರ ಮುಂದೆ ಸಂಕಥನ ಬಾಯಿ ಮುಚ್ಚಿಕೊಂಡಿರಲಿ. ಆ ಕಾರನ್ನು ಪ್ರೀತಿಸುವವರ ಮೇಲೆ ನನ್ನ ತಕರಾರಿಲ್ಲ.

ತಕರಾರು ಇನ್ನೊಂದು ಕಾರಿನ ಬಗ್ಗೆ. 1981ರ ಏಪ್ರಿಲ್, ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್. ಆ ವಾರ 'ಸ್ವಾಂಪ್ 81' ಎಂಬ ಕಾರ್ಯಾಚರಣೆಯಲ್ಲಿ ಪೊಲೀಸರು 943 ಜನರನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದರು. ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ಜನ. ಮಾಡಿದವರು ಮಫ್ತಿಯಲ್ಲಿದ್ದರು. ಸಮವಸ್ತ್ರವಿಲ್ಲ, ಪಟ್ಟೆಯಿಲ್ಲ, ಹಾಗಾಗಿ ಮೈದಾನದಲ್ಲಿ ತಂದು ನಿಲ್ಲಿಸಲೂ ಏನೂ ಉಳಿದಿಲ್ಲ. ಅದೇ ವಾರ, 10ನೇ ತಾರೀಕು, ಇರಿತಕ್ಕೊಳಗಾದ ಕಪ್ಪು ಹುಡುಗನೊಬ್ಬನನ್ನು ಪೊಲೀಸರು ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಗಾಯಕ್ಕೆ ಕಟ್ಟು ಹಾಕುತ್ತಿದ್ದರು. ಸುತ್ತ ಸೇರಿದವರು ಬಂಧಿಸಿ ಒಯ್ಯುತ್ತಿದ್ದಾರೆ ಎಂದೇ ತಿಳಿದು ಅವನನ್ನು ಹೊರಗೆಳೆದುಕೊಂಡರು. ಅಲ್ಲಿಂದ ಗಲಭೆ ಹತ್ತಿತು. ಪಠ್ಯ, ಓದು, ಓದುಗ ಎಂದು ಸೆಮಿನಾರಿನಲ್ಲಿ ಬಡಬಡಿಸುತ್ತೀರಲ್ಲ, ಆ ಬೀದಿಯವರು ಆ ಕಾರನ್ನು ಓದಿದ್ದು ಹೀಗೆ. ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ತಮ್ಮವನಿಗೆ ಶುಶ್ರೂಷೆ ನಡೆಯಬಹುದೆಂದು ನಂಬಲು ಅವರಿಗೆ ಯಾರೂ ಕಾರಣ ಕೊಟ್ಟಿರಲಿಲ್ಲ. ರಸಿಕರ ಮೈದಾನದಲ್ಲಿ ಮುಂದಿನ ಸೀಟು, ರೇಡಿಯೊ, ಪೊಲೀಸರಿಗೆಂದೇ ಅಳತೆ ತಿದ್ದಿದ ಸ್ಪೀಡೋಮೀಟರು ಎಲ್ಲದರ ಸುತ್ತ ಜನ. ಹಿಂದಿನ ಸೀಟಿನ ಮೇಲೆ ಊಟದ ಬುಟ್ಟಿ.

ನಮ್ಮ ಕಡೆ ಇಂಥ ರಸಿಕರು ಇಲ್ಲವೆಂದೇ ಹೇಳಬೇಕು. ಉಳಿಸಿಕೊಳ್ಳೋಣವೆಂದರೂ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳು ಗುಜರಿಗೆ ಹೋಗಬೇಕೆಂದು ಕೇಂದ್ರದ ನಿಯಮ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡನ್ನೇ ಅಚ್ಚು ಹಾಕಿ ತಯಾರಿಸಿದ ನಮ್ಮ ಅಂಬಾಸಿಡರಿನ ಉತ್ಪಾದನೆ 2014ರಲ್ಲೇ ನಿಂತಿತು. ಪೊಲೀಸ್ ಜೀಪು ಹೋದದ್ದಕ್ಕೆ ಮರುಗಿದವರನ್ನು ನಾನು ಕಂಡಿಲ್ಲ. ಅದರ ಬಾಗಿಲ ಮೇಲೆ ಯಾವ ಬಣ್ಣದಲ್ಲಿ ಏನು ಬರೆದಿತ್ತೆಂದು ಕೇಳಿದರೆ ಜನ ತಡವರಿಸುತ್ತಾರೆ. ಅದರಲ್ಲಿ ಯಾರ ಮನೆಯ ಯಾರನ್ನು ಹತ್ತಿಸಿಕೊಂಡು ಹೋದರು, ಬಿಟ್ಟು ಕಳಿಸಿದಾಗ ಅವನು ಹೇಗೆ ನಡೆದುಕೊಂಡು ಬಂದ ಎಂದು ಕೇಳಿ, ಕೇರಿಯ ಮುದುಕಿಯರೂ ಹೇಳುತ್ತಾರೆ.