ಸೀರಿ ನಂದೊಬ್ಬನದಲ್ಲ

ಹೌದ್ರಿ ಅಕ್ಕೋರ, ಪಡಸಾಲ್ಯಾಗ ನೀವು ನೋಡಿದ ಕುಣಿ ನಮ್ಮ ಮುತ್ಯಾನ ಮಗ್ಗದ್ದು. ಮನಿಗೆ ಬಂದವರೆಲ್ಲಾ ಅದನ್ನs ಕೇಳತಾರ, ಮುಚ್ಚಿ ಫರಸಿ ಹಾಕಸ್ರಲ್ಲಾ, ಜಾಗಾ ಆಗತೈತಿ ಅಂತ. ನಮ್ಮಪ್ಪ ಗೌಂಡಿನ್ನ ಕರಸಿ ಅಳತಿ ಸೈತ ತೊಗಿಸಿದ್ದ. ನಮ್ಮವ್ವ ಬ್ಯಾಡ ಅಂದ್ಲು. ಸೊಸಿ ಬ್ಯಾಡ ಅಂದ್ಲು ನೋಡ್ರಿ, ಮಗ ಅಲ್ಲ! ಮುತ್ಯಾ ಎಂಥಾವ ಇದ್ದ ಅನ್ನೂದು ಅದರಾಗs ತಿಳೀತೈತಿ.

ನೀವು ಈ ಕಡೆ ಹೊಸಬ್ರು. ಸಾಲಿ ಬಿಟ್ಟು ಬರೂಮುಂದ ಓಣಿತುಂಬ ಖಟಖಟ ಅಂತೈತೆಲ್ಲಾ, ಅದು ಪಾವರಲೂಮಿನ ಸಪ್ಪಳ. ರಬಕವಿ-ಬನಹಟ್ಟಿ ಅಂದ್ರ ಈಗ ಅದs. ಮುತ್ಯಾನ ಕಾಲಕ್ಕ ಈ ಓಣ್ಯಾಗ ಕುಣಿಮಗ್ಗ ಇದ್ವು. ನೆಲದಾಗ ಕುಣಿ, ಕುಣ್ಯಾಗ ಕಾಲು, ಕಾಲಾಗ ತುಳಿಯೋ ಹಲಗಿ, ಮ್ಯಾಲ ಕೈಯಾಗ ಲಾಳಿ ಜಗ್ಗೋ ಹಗ್ಗ. ಮುತ್ಯಾಗ ಶ್ರೀಕೃಷ್ಣ ಪಾರಿಜಾತದ ಹುಚ್ಚು. ಕುಲಗೋಡ ತಮ್ಮಣ್ಣನ ಹೆಸರು ತಗದ್ರ ಕೈ ಮುಗೀತಿದ್ದ. ಎಲ್ಲೆ ಪಾರಿಜಾತ ಐತಿ ಅಂದ್ರೂ ಕಂಬಳಿ ಹೆಗಲಿಗಿ ಹಾಕ್ಕೊಂಡು ನಡದs ಬಿಡತಿದ್ದ. ಮರುದಿನ ಸತ್ಯಭಾಮಾನ ಪದಾ ಗುಣುಗುಣು ಅನಕೋತ ನೇಯಾಂವ, ಹಲಗಿ ತುಳಿಯೋದs ತಾಳ. ನಾವು ಹುಡುಗ್ರು ಕುಣಿ ದಂಡಿಗಿ ಕುಂತು ಕೇಳತಿದ್ವಿ.

ಆಂವ ಹುಟ್ಟಿದಾಗ ರಬಕವಿ ಸಾಂಗ್ಲಿ ಪಟವರ್ಧನರ ಕೈಯಾಗ, ಮಗ್ಗಲದ ಬನಹಟ್ಟಿ ಜಮಖಂಡಿ ಪಟವರ್ಧನರ ಕೈಯಾಗ. 1948ರಾಗ ಎರಡೂ ಸಂಸ್ಥಾನ ಮುಂಬೈ ಪ್ರಾಂತಕ್ಕ ಕೂಡಿದ್ವು. 1956ಕ್ಕ ಮೈಸೂರು ರಾಜ್ಯ, 1973ಕ್ಕ ಕರ್ನಾಟಕ, 1997ಕ್ಕ ಬಿಜಾಪುರ ಜಿಲ್ಲಾ ಒಡದು ಬಾಗಲಕೋಟಿ. ಇಷ್ಟೆಲ್ಲಾ ಆಗೂತನಕ ಮುತ್ಯಾ ಕುಂತಿದ್ದು ಅದs ಕುಣ್ಯಾಗ. ನಮ್ಮ ಕಡೆಯವರ ಮ್ಯಾಲ ಅಭಿಮಾನ ಭಾಳ. ಸಾವಳಗಿಯ ಬಿ. ಡಿ. ಜತ್ತಿಯವರು ಜಮಖಂಡಿ ಪುರಸಭೆಯಿಂದ ಶುರು ಮಾಡಿ ಮೈಸೂರು ರಾಜ್ಯದ ಮುಖ್ಯಮಂತ್ರಿ ಆದ್ರಲ್ಲಾ, 1977ರಾಗ ಹಂಗಾಮಿ ರಾಷ್ಟ್ರಪತಿ ಆಗಿ ದೇಶಾನs ನೋಡಿಕೊಂಡ್ರು. ಅವರ ಫೋಟೋ ಪೇಪರದಾಗ ಬಂದಿದ್ದನ್ನ ಮುತ್ಯಾ ಕತ್ತರಿಸಿ ಗೋಡಿಗಿ ಅಂಟಿಸಿದ್ದ.

ಆದ್ರ ಅಕ್ಕೋರ, ಮುತ್ಯಾನ ದೊಡ್ಡಸ್ತಿಕಿ ನಾ ಹೇಳೂದು ಬ್ಯಾರೆ. ಊರಾಗ ಈಗೂ ಅಂತಾರ, "ನಿಮ್ಮ ಮುತ್ಯಾ ಭಾರೀ ನೇಕಾರ ಬಿಡವಾ, ಅಂಥಾ ಸೀರಿ ಈಗ ಯಾರ ನೇಯತಾರ" ಅಂತ. ಅವರ ಅನ್ನೂದು ಖರೇನs. ಆದ್ರ ಮುತ್ಯಾನ ಎದುರಿಗಿ ಹಂಗಂದ್ರ ತಡಿಯಾಂವಲ್ಲ. "ಸೀರಿ ನಂದೊಬ್ಬನದಲ್ಲೋ ತಮ್ಮಾ, ಒಳಗ ಅದಾಳ ನೋಡು, ಆಕೀನ್ನ ಕೇಳು" ಅಂತ ಆಯಿ ಕಡೆ ಕೈ ಮಾಡತಿದ್ದ.

ಯಾಕಂತೀರಿ? ಇಳಕಲ್ಲ ಸೀರಿ ಉಟ್ಟಿರಬೇಕು ನೀವು, ಹೆಂಗಾಗತೈತಿ ಅನ್ನೂದು ನೋಡಿರಲಿಕ್ಕಿಲ್ಲ. ಮೈಗೆ ಒಂದು ಹಾಸು, ಸೆರಗಿಗೆ ಬ್ಯಾರೆ ಹಾಸು. ಮೈ ಹತ್ತಿ ನೂಲಿಂದು, ಸೆರಗು ಕೆಂಪು ರೇಶ್ಮೀದು. ಇವೆರಡನ್ನೂ ಕೂಡಸಬೇಕಲ್ಲಾ? ಮೈಯಿನ ಒಂದೊಂದು ಎಳಿಗೂ ಸೆರಗಿನ ಒಂದೊಂದು ಎಳಿ ಸಿಗಿಸಿ ಕೊಂಡಿ ಹಾಕಬೇಕು. ಸಾವಿರಗಟ್ಟಲೆ ಎಳಿ. ನಮ್ಮ ಆಯಿ ಬೆಳಕಿಗಿ ಬಾಗಲದಾಗ ಕುಂದರತಿದ್ಲು. ಬಟ್ಟಲದಾಗ ಬೂದಿ, ಬೆರಳ ತುದಿಗಿ ಬೂದಿ ಹಚಕೊಂಡು ಎಳಿ ಹಿಡದು, ಮಡಚಿ, ಸಿಗಿಸಿ, ಹೊಸದು ಬಿಟ್ರ ಆತು, ಮುಂದಿನ ಎಳಿ. ಮಾತಾಡಕೋತ ಹಾಕಾಕಿ, ಒಂದೂ ತಪ್ಪತಿರಲಿಲ್ಲ. ಒಂದ ಎಳಿ ತಪ್ಪಿದ್ರ ಸೀರಿತುಂಬ ಗೆರಿ ಬೀಳತೈತಿ. ನಮ್ಮವ್ವ ರಾಟಿ ತಿರುವಿ ಕಂಡಿಕಿ ಸುತ್ತಾಕಿ, ಅತ್ತಿ ಗಂಜಿ ಹಚ್ಚಾಕಿ. ಇದೆಲ್ಲಾ ಮುಗದ ಮ್ಯಾಲ ಮುತ್ಯಾ ಕುಣ್ಯಾಗ ಇಳೀತಿದ್ದ. ಆ ಮ್ಯಾಲ ತೋಪತೆನಿ ಸೆರಗು: ಕೆಂಪಿನ್ಯಾಗ ಬಿಳಿ ಜ್ವಾಳದ ತೆನಿ, ಹಣಿಗಿ, ಕ್ವಾಟಿ ಗ್ವಾಡಿ ಹಲ್ಲು. ಹೌದು, ಅದು ಮುತ್ಯಾನ ಕೈಯಿಂದ ಏಳತಿತ್ತು. ಅಷ್ಟs ಆಂವಂದು.

ಸಾವಕಾರನ ಕಡಿಂದ ನೂಲು ತರೂದು, ಸೀರಿ ಮುಟ್ಟಸೂದು, ಮಜೂರಿ ತರೂದು ಗಂಡಸರ ಕೆಲಸ. ಬ್ಯಾರೆ ಮನ್ಯಾಗ ರೊಕ್ಕ ಅಂಗಿ ಕಿಸೇದಾಗs ಉಳೀತಿತ್ತು. ನಮ್ಮ ಮುತ್ಯಾ ಬಂದಾಂವನs ಕೈಕಾಲು ತೊಳಕೊಂಡು, ಜಗಲಿ ಮುಂದ ಕುಂತು, ರೊಕ್ಕ ಚಾಪಿ ಮ್ಯಾಲ ಹರವತಿದ್ದ. ಇದು ಕೊಂಡಿದು, ಇದು ಕಂಡಿಕಿದು, ಇದು ಗಂಜಿದು ಅಂತ ಬ್ಯಾರೆ ಬ್ಯಾರೆ ಗುಂಪಿ ಮಾಡಿ, ಆಯಿ ಕೈಗೆ ಆಯಿದು, ಸೊಸಿ ಕೈಗೆ ಸೊಸಿದು ಕೊಡತಿದ್ದ. ಉಳದಿದ್ದು ತಂದು, ಅದ್ರಾಗ ಮನಿ ಖರ್ಚು. ಓಣಿ ಗಂಡಸರು ಅಂತಿದ್ರು, "ಹೆಣ್ಮಕ್ಕಳಿಗಿ ಪಗಾರ ಕೊಟ್ಟು ಕೆಡಸಾಕತ್ತೀಯೋ" ಅಂತ. ಮುತ್ಯಾ ಅದಕ್ಕ ಉತ್ತರ ಕೊಡತಿರಲಿಲ್ಲ. ಮತ್ತೊಂದ ಅಮಾಸಿಗೆ ಹಂಗs ಹಂಚತಿದ್ದ. ಆ ದುಡ್ಡು ಕೂಡಿಸಿ ನಮ್ಮವ್ವ ನನ್ನ ಕಾಲೇಜಿಗಿ ಹಚ್ಚಿದ್ಲು. ನಾ ಇವತ್ತು ಸೊಸೈಟ್ಯಾಗ ಲೆಕ್ಕ ಬರ್ಯಾಕತ್ತೀನಿ ಅಂದ್ರ ಆ ಕಂಡಿಕಿ ರೊಕ್ಕದಿಂದ.

ಹಾಂ, ನೀವು ಹೇಳಿದ್ದು ನಾನೂ ಓದೀನಿ ಅಕ್ಕೋರ. 2019-20ರ ನಾಲ್ಕನೇ ಕೈಮಗ್ಗ ಗಣತ್ಯಾಗ ದೇಶದಾಗ 35 ಲಕ್ಷ ಮಂದಿ ಈ ಉದ್ಯೋಗದಾಗ ಅದಾರ, ನೂರಕ್ಕ 70ಕ್ಕೂ ಹೆಚ್ಚು ಹೆಣ್ಮಕ್ಕಳು ಅಂತ ಬಂತಲ್ಲಾ. ಆದ್ರ ನಮ್ಮೂರಾಗ ಇನ್ನೂ ನೇಕಾರ ಅಂದ್ರ ಗಂಡಸನs ನೆನಪಾಗತಾನ. ನನಗ ಅದಕ್ಕs ಸಿಟ್ಟು.

ಪಾವರಲೂಮ್ ವಿಷಯಕ್ಕ ಮನ್ಯಾಗ ಜಗಳ ಆಗಲಿಲ್ಲೇನು ಅಂತೀರಿ? ಆತು, ದೊಡ್ಡದs ಆತು. ಕೆಲವು ನಮೂನಿ ಬಟ್ಟಿ ಕೈಮಗ್ಗಕ್ಕs ಮೀಸಲು ಅಂತ 1985ರಾಗ ಕಾಯ್ದಿ ಬಂತು, 1993ರಾಗ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು. ಕಾಗದದ ಮ್ಯಾಲ ಕೈಮಗ್ಗ ಗೆದ್ದಿತ್ತು, ಪ್ಯಾಟ್ಯಾಗ ಸೋತಿತ್ತು. ಒಂದ ಸೀರಿಗಿ ದಿನಗಟ್ಟಲೆ ಕುಂತ್ರ ಹೊಟ್ಟಿ ತುಂಬಂಗಿಲ್ಲ ಅಂತ ಕಾಕಾ ಹಟ ಹಿಡದ. ಅಪ್ಪ ಮುತ್ಯಾನ ಕಡೆ. ವಾರಗಟ್ಟಲೆ ಅಣ್ಣತಮ್ಮರ ಮಾತು ಬಂದ್. ಕಡೀಕ ಮುತ್ಯಾನs ಆಯಿನ್ನ, ಸೊಸ್ತೇರನ್ನ ಕುಂದರಿಸಿ ಕೇಳಿದ: "ಕೆಲಸಾ ಮಾಡಾವ್ರು ನೀವು, ನೀವು ಏನಂತೀರಿ?" ನಮ್ಮ ಚಿಗವ್ವ ಧೈರ್ಯ ಮಾಡಿ ಅಂದ್ಲು, "ಮಾವಾರ, ನನ್ನ ಕಣ್ಣು ಹೊಂಟಾವ್ರಿ, ಕೊಂಡಿ ಆಗಂಗಿಲ್ಲ" ಅಂತ. ಮುಗೀತು. ಮರುದಿನ ಮುತ್ಯಾ ತಾನs ಕಾಕಾನ ಸಂಗಾಟ ಪಾವರಲೂಮ್ ನೋಡಾಕ ಬನಹಟ್ಟಿಗಿ ಹ್ವಾದ. ತನ್ನ ಕುಣಿಮಗ್ಗ ಮಾತ್ರ ಬಿಡಲಿಲ್ಲ. ಆಯಿ ಇರೂತನಕ ಇಬ್ಬರೂ ಕೂಡಿ ನೇದ್ರು. ಆಯಿ ಹ್ವಾದ ಮ್ಯಾಲ ಆಂವ ಕುಣ್ಯಾಗ ಇಳೀಲಿಲ್ಲ. ಬ್ಯಾರೆ ಯಾರರ ಕೊಂಡಿ ಹಾಕಿಕೊಡತೀವಿ ಅಂದ್ರ ಒಪ್ಪಲಿಲ್ಲ.

2019ರಾಗ ಕೃಷ್ಣಾ ಹೊಳಿ ಏರಿ ಹೊಳಿಸಾಲ ಊರೆಲ್ಲಾ ನೀರಾದಾಗ ಇನ್ನೂ ಇದ್ದ. ಬೀಗರು ಸಾಮಾನು, ಆಡು-ಮರಿ ತೊಗೊಂಡು ಬಂದ್ರು. ಪಡಸಾಲಿ ಬಿಟ್ಟುಕೊಟ್ಟು ತಾ ಕಟ್ಟಿ ಮ್ಯಾಲ ಮಲಗಿದ. ಆಮ್ಯಾಲ ಒಂದಿನ ನಿದ್ದ್ಯಾಗs ಹ್ವಾದ. ಮಣ್ಣಿಗಿ ಬಂದ ಮಂದಿ ಓಣ್ಯಾಗ ಹಿಡೀಲಿಲ್ಲ. ಕಂಡಿಕಿ ಸುತ್ತೋ ಮುದುಕ್ಯಾರು ಹೆಗಲು ಕೊಡತೀವಿ ಅಂತ ಮುಂದ ಬಂದ್ರು. ಹಿರ್‍ಯಾರು ಗೊಣಗಿದ್ರು, ಆದ್ರ ಅಪ್ಪ ಸರದು ಜಾಗಾ ಬಿಟ್ಟ. ಅದನ್ನ ನೋಡಿ ನನಗ ಅಳು ತಡಿಯಾಕ ಆಗಲಿಲ್ಲ ನೋಡ್ರಿ.

ಅಯ್ಯ, ಹೊತ್ತು ಹ್ವಾದದ್ದs ಗೊತ್ತಾಗಲಿಲ್ಲ, ನಿಮ್ಮ ಕುಕ್ಕರ್ ಕೂಗಾಕತೈತಿ. ಒಂದ ಮಾತು ಅಕ್ಕೋರ: ಮದವಿಗಿ ನಿಮ್ಮವ್ವ ಕೊಟ್ಟ ಇಳಕಲ್ಲ ಸೀರಿ ಐತಿ ಅಂದ್ರಲ್ಲಾ, ನಾಳೆ ಆಯತವಾರ, ತೊಗೊಂಡು ಬರ್‍ರಿ. ಸೆರಗು ಮೈಯಿಗೆ ಕೂಡೂ ಜಾಗಾ ತಿರುವಿ ಬೆಳಕಿಗಿ ಹಿಡದ್ರ ಕೊಂಡಿ ಸಾಲು ಕಾಣತೈತಿ. ಕೈಮಗ್ಗದ್ದs ಆಗಿದ್ರ ನಮ್ಮವ್ವಗ ತೋರಸೂಣು, ಆಕಿ ಕೊಂಡಿ ನೋಡಿನs ಹಾಕಿದಾಕಿ ಕೈ ಹೆಂಗಿತ್ತು ಅಂತ ಹೇಳತಾಳ.