ಐವತ್ತು ಹರ್ಟ್ಸಿನ ಮಾರಿಯೋ

ಕಾಫಿಗೆ ಬೆಲೆ ಬಂದ ವರ್ಷ ಮೂಡಿಗೆರೆ, ಕಳಸದ ಕಡೆಯ ಮನೆಗಳಿಗೆ ಏನೇನು ಬರುತ್ತದೆಂದು ಊಹಿಸುವುದು ಕಷ್ಟವಲ್ಲ. ಹೊಸ ಜೀಪು ಬರುತ್ತದೆ, ಕಾಫಿ ಕಣಕ್ಕೆ ಕಾಂಕ್ರೀಟು ಬರುತ್ತದೆ, ಬೆಲೆ ಬಿದ್ದಾಗ ಮುಖ ತೋರಿಸದ ನೆಂಟರು ಬರುತ್ತಾರೆ. ಕಳಸದಿಂದ ಸಂಸೆಗೆ ಹೋಗುವ ದಾರಿಯ ಒಂದು ತೋಟದ ಸಾವ್ಕಾರರು ಮಾತ್ರ ಈ ಪಟ್ಟಿಯಲ್ಲಿಲ್ಲದ ವಸ್ತುವೊಂದನ್ನು ತರಿಸಲು ಹೊರಟರು: ಹಳೇ ಕಾಲದ ನಿಂಟೆಂಡೊ ವಿಡಿಯೋ ಗೇಮ್. ಮಕ್ಕಳಿಗಲ್ಲ, ತಮಗೆ. ವಯಸ್ಸು ನಲವತ್ತು ದಾಟಿದೆ, ಸಕ್ಕರೆ ಕಾಯಿಲೆಗೆ ಮಾತ್ರೆ ಶುರುವಾಗಿದೆ, ಇನ್ನು ತಡ ಮಾಡುವುದು ಬೇಡ ಅನ್ನಿಸಿರಬೇಕು.

"ಒರಿಜಿನಲ್ಲೇ ಬೇಕು ನೋಡು. ದುಡ್ಡು ಎಷ್ಟಾದ್ರೂ ಆಗ್ಲಿ," ಎಂದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡಿದರು.

"ಯಾವ ದೇಶದ್ದು ಮಾವ?"

"ಎಂಥ ದೇಶ ಮಾರಾಯ? ಗೇಮಿಗೂ ಪಾಸ್‌ಪೋರ್ಟು ಉಂಟಾ?"

ಉಂಟು. 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಫ್ಯಾಮಿಕಾಮ್ ಬಿಳಿ-ಕೆಂಪು ಬಣ್ಣದ ಪುಟ್ಟ ಪೆಟ್ಟಿಗೆ. ಆಟಿಕೆ ಎಂದು ಹೇಳಿಕೊಳ್ಳಲು ಅದಕ್ಕೆ ನಾಚಿಕೆಯಿಲ್ಲ. 1985ರಲ್ಲಿ ಅಮೆರಿಕಕ್ಕೆ ಹೊರಟಾಗ ಅದೇ ಯಂತ್ರ ಬೂದು ಬಣ್ಣದ ಗಂಭೀರ ಡಬ್ಬಿಯಾಗಿ, ಎನ್‌ಇಎಸ್ ಎಂಬ ಹೆಸರಿಟ್ಟುಕೊಂಡು, ಕ್ಯಾಸೆಟ್ಟನ್ನು ಮೇಲಿನಿಂದ ತೆಗೆದುಕೊಳ್ಳುವುದು ಬಿಟ್ಟು ವಿಸಿಆರ್ ಥರ ಮುಂದಿನಿಂದ ನುಂಗಲು ಕಲಿಯಿತು. ಅಮೆರಿಕದಲ್ಲಿ ಎರಡು ವರ್ಷದ ಹಿಂದೆ ವಿಡಿಯೋ ಗೇಮ್ ವ್ಯಾಪಾರ ಮಕಾಡೆ ಬಿದ್ದಿತ್ತು. ಆಟಿಕೆಯ ವೇಷದಲ್ಲಿ ಹೋದರೆ ಅಂಗಡಿಯವರು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. 1986ರಲ್ಲಿ ಯುರೋಪಿಗೆ ಹೋದದ್ದು ನೋಡಲು ಅಮೆರಿಕದ್ದೇ, ಒಳಗಿನ ಲೆಕ್ಕ ಬೇರೆ. ಜಪಾನಿನ ಕ್ಯಾಸೆಟ್ಟಿಗೆ 60 ಪಿನ್ನು, ಎನ್‌ಇಎಸ್ ಕ್ಯಾಸೆಟ್ಟಿಗೆ 72. ಸಾಲದ್ದಕ್ಕೆ ಎನ್‌ಇಎಸ್‌ನ ಒಳಗೊಂದು ಕಾವಲು ಚಿಪ್ಪು. ಕ್ಯಾಸೆಟ್ಟಿನಲ್ಲಿ ಅದರ ಜೋಡಿ ಸಿಗದಿದ್ದರೆ ಯಂತ್ರ ಸೆಕೆಂಡಿಗೊಮ್ಮೆ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತ ಕಣ್ಣು ಮಿಟುಕಿಸುತ್ತ ಕೂರುತ್ತದೆ. ಫ್ಯಾಮಿಕಾಮಿಗೆ ಆ ಕಾವಲುಗಾರ ಇಲ್ಲ.

ಯಾವುದನ್ನು ಆರಿಸಬೇಕೆಂಬ ಪೇಚು ಈ ಕಡೆ ಹೊಸದಲ್ಲ. ಹೊಸದಾಗಿ ಕಾಫಿ ಗಿಡ ಇಡುವವರು 795 ತಳಿ ಇಡಬೇಕೋ ಚಂದ್ರಗಿರಿ ಇಡಬೇಕೋ ಎಂದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರೆಗೆ ಹೋಗಿ ಕೇಳಿ, ಕೊನೆಗೆ ಪಕ್ಕದ ತೋಟದವರು ಇಟ್ಟದ್ದನ್ನೇ ಇಡುವುದುಂಟು. ಪಕ್ಕದ ತೋಟದವರ ಬಳಿ ನಿಂಟೆಂಡೊ ಇಲ್ಲದ್ದರಿಂದ ಸಾವ್ಕಾರರಿಗೆ ಆ ದಾರಿಯೂ ಮುಚ್ಚಿತ್ತು.

ಅವರು ಹುಡುಗರಾಗಿದ್ದಾಗ ಆಡಿದ್ದು ಜಪಾನ್, ಅಮೆರಿಕ, ಯುರೋಪಿನ ಆ ಮೂರರಲ್ಲಿ ಯಾವುದೂ ಅಲ್ಲ. ತೊಂಬತ್ತರ ದಶಕದಲ್ಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಗೆ ಹೋದ ಅಪ್ಪಂದಿರು ಪಲ್ಪರಿನ ಬಿಡಿಭಾಗದ ಜೊತೆ ಹಿಡಿದು ಬರುತ್ತಿದ್ದದ್ದು ಮೀಡಿಯಾ ಎಂಬಂಥ ಹೆಸರಿನ ಟೀವಿ ಗೇಮುಗಳು. ಹೊರಗೆ ಏನೇ ಬರೆದಿರಲಿ, ಅವುಗಳ ವಂಶ ಫ್ಯಾಮಿಕಾಮಿನದು. 60 ಪಿನ್ನಿನ ಕ್ಯಾಸೆಟ್ಟೇ ಅದಕ್ಕೆ ಸಾಕ್ಷಿ. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಅಚ್ಚಾಗಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯ ಆಟ; ಮಾರಿಯೋ ಒಂದನೇ ಹಂತದಿಂದ ಶುರುವಾದರೆ ಒಂದು ಆಟ, ಎರಡನೇ ಹಂತದಿಂದ ಶುರುವಾದರೆ ಇನ್ನೊಂದು. ಆದರೂ ಇಡೀ ಮಳೆಗಾಲ ಅದರಲ್ಲೇ ಕಳೆಯುತ್ತಿತ್ತು. ಕರೆಂಟು ಇದ್ದಾಗ ಎಂದು ಸೇರಿಸಬೇಕು. ಮಳೆಗಾಲದಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಕ್ಯಾಸೆಟ್ಟಿನ ಹಿತ್ತಾಳೆ ಬಣ್ಣದ ಹಲ್ಲುಗಳು ಕಪ್ಪಾಗುತ್ತಿದ್ದವು; ಅದಕ್ಕೆ ಎಲ್ಲರಿಗೂ ಗೊತ್ತಿದ್ದ ಮದ್ದು ಬಾಯಿಂದ ಊದುವುದು. ಊದಿದಾಗ ತಾಗುವ ಎಂಜಲಿನ ತೇವದಿಂದ ಹಲ್ಲು ಇನ್ನಷ್ಟು ಬೇಗ ಕೆಡುತ್ತದೆಂಬುದು ಆಮೇಲೆ ತಿಳಿದ ವಿಷಯ. ಕ್ಯಾಸೆಟ್ ತೆಗೆದು ಮತ್ತೆ ಹಾಕಿದ್ದಕ್ಕೇ ಅದು ಸರಿಯಾಗುತ್ತಿದ್ದದ್ದು, ಹೆಸರು ಬಂದದ್ದು ಊದಿದವನಿಗೆ.

ಈಗ ಪ್ರಶ್ನೆ: ಅಸಲಿ ಬೇಕೆಂದರೆ ಯಾವ ಅಸಲಿ?

ಅಳಿಯ ಜಪಾನಿನ ಪರ. ಅವನ ಮೊದಲ ವಾದ ಕಾಂಟ್ರಾ ಎಂಬ ಆಟ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಎಂದು ಒತ್ತಿ ಮೂವತ್ತು ಜೀವ ಪಡೆಯುವ ಮಂತ್ರ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿದ್ದ ಪೀಳಿಗೆ ಸಾವ್ಕಾರರದು. ಕೊನಾಮಿ ಕಂಪನಿ 1988ರಲ್ಲಿ ಫ್ಯಾಮಿಕಾಮಿಗೆ ತಂದ ಕಾಂಟ್ರಾದಲ್ಲಿ ಮೊದಲ ಹಂತದ ಕಾಡಿನ ಎಲೆಗಳು ಗಾಳಿಗೆ ಅಲುಗಾಡುತ್ತವೆ, ಹಿಮದ ಹಂತದಲ್ಲಿ ಹಿಮ ಬೀಳುತ್ತದೆ, ಹಂತಗಳ ನಡುವೆ ನಕ್ಷೆ ಬರುತ್ತದೆ. ಅಮೆರಿಕದ ಕ್ಯಾಸೆಟ್ಟಿನಲ್ಲಿ ಎಲೆ ಅಲುಗಾಡುವುದಿಲ್ಲ. ಯುರೋಪಿನದಂತೂ ಬೇರೆಯೇ ಕತೆ: ಮನುಷ್ಯರು ಮನುಷ್ಯರಿಗೆ ಗುಂಡು ಹೊಡೆಯುವ ಆಟಗಳ ಬಗ್ಗೆ ಜರ್ಮನಿಯಲ್ಲಿದ್ದ ಬಿಗಿಯಿಂದಾಗಿ ಅಲ್ಲಿ ಆಟದ ಹೆಸರು ಪ್ರೊಬೊಟೆಕ್ಟರ್ ಆಯಿತು, ಅಂಗಿ ಬಿಚ್ಚಿ ಓಡುತ್ತಿದ್ದ ಇಬ್ಬರು ಗಟ್ಟಿಗರ ಜಾಗಕ್ಕೆ ಎರಡು ರೋಬಾಟುಗಳು ಬಂದವು.

"ಎಲೆ ಅಲ್ಲಾಡೋದೇ ಬೇಕು," ಎಂದರು ಸಾವ್ಕಾರರು. ಮನೆಯ ಸುತ್ತ ಅಷ್ಟು ಕಾಡಿಟ್ಟುಕೊಂಡವರಿಗೆ ಈ ಆಸೆ ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಮೆರಿಕದ ಪರವಾಗಿ ಮಾತಾಡಿದವರು ಮನೆಯಾಕೆ ಒಬ್ಬರೇ. ಅದೂ ಎನ್‌ಇಎಸ್ ಅಲ್ಲ, ಅದರ ತಮ್ಮ ಸೂಪರ್ ನಿಂಟೆಂಡೊ. 1990ರಲ್ಲಿ ಜಪಾನಿನಲ್ಲಿ ಬಂದ ಸೂಪರ್ ಫ್ಯಾಮಿಕಾಮ್ ದುಂಡು ಅಂಚಿನ ಚೆಲುವೆ. 1991ರ ಅಮೆರಿಕದ ರೂಪ ನೇರಳೆ ಗುಂಡಿಗಳ ಒರಟು ಡಬ್ಬಿ. ಅದನ್ನು ಚಿತ್ರಿಸಿದ ಲ್ಯಾನ್ಸ್ ಬಾರ್ ಮೇಲ್ಭಾಗವನ್ನು ಬಾಗಿಸಿದ್ದರು. ಎನ್‌ಇಎಸ್‌ನ ಚಪ್ಪಟೆ ತಲೆಯ ಮೇಲೆ ಅಮೆರಿಕದ ಜನ ಕುಡಿಯುವ ಲೋಟ ಇಟ್ಟು ಚೆಲ್ಲುತ್ತಿದ್ದುದು ಅದಕ್ಕೊಂದು ಕಾರಣ. ಅಳಿಯ ಇದನ್ನು ತಮಾಷೆಗೆಂದು ಹೇಳಿದ್ದ. ಫೋನಿನ ಈ ತುದಿಯಲ್ಲಿ ಅತ್ತೆ ಅದನ್ನು ಗಂಭೀರವಾಗಿ ತೆಗೆದುಕೊಂಡರು. "ಟೀವಿ ಮೇಲೆ, ಸ್ಟೆಬಿಲೈಸರ್ ಮೇಲೆ, ಎಲ್ಲದರ ಮೇಲೂ ಇವರ ಕಾಫಿ ಲೋಟದ ಉಂಗುರ. ಅದೇ ತರ್ಸು," ಎಂದರು. ಆದರೆ ಆ ಡಬ್ಬಿಗೆ ಜಪಾನಿನ ಕ್ಯಾಸೆಟ್ ಇಳಿಯದು, ಒಳಗೆ ಅಡ್ಡ ಬರುವ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಕಿತ್ತರೆ ಸರಾಗ ಇಳಿದು ಆಡುತ್ತದೆ ಎಂದು ಅಳಿಯ ಹೇಳಿದ್ದೇ ಆ ಪ್ರಸ್ತಾಪ ಬಿದ್ದುಹೋಯಿತು. ಹಡಗಿನ ಬಾಡಿಗೆ ಕೊಟ್ಟು ತರಿಸಿದ ವಸ್ತುವಿಗೆ ಮೊದಲ ದಿನವೇ ಕಟಿಂಗ್ ಪ್ಲೇಯರ್ ಹಾಕುವುದು ಸಾವ್ಕಾರರಿಗೆ ಒಗ್ಗಲಿಲ್ಲ.

ಸರಿ, ಜಪಾನೇ ಆಗಲಿ. ಅಲ್ಲೂ ಎರಡು. 1983ರ ಬಿಳಿ-ಕೆಂಪು ಪೆಟ್ಟಿಗೆಯ ಎರಡನೇ ರಿಮೋಟಿನಲ್ಲಿ ಒಂದು ಮೈಕು ಇದೆ. ಜೆಲ್ಡಾ ಎಂಬ ಆಟದ ಜಪಾನಿ ರೂಪದಲ್ಲಿ ಅದಕ್ಕೆ ಬಾಯಿಟ್ಟು ಕೂಗಿದರೆ ಉದ್ದ ಕಿವಿಯ ಒಂದು ಪಿಶಾಚಿ ಸಾಯುತ್ತದೆ. ಕೂಲಿಯವರನ್ನು ತೋಟದ ಈ ತುದಿಯಿಂದ ಆ ತುದಿಗೆ ಕೂಗಿ ಕರೆದು ಅಭ್ಯಾಸವಿದ್ದವರಿಗೆ ಇದು ಹೇಳಿ ಮಾಡಿಸಿದ ಆಟ. ಆದರೆ ಆ ಪೆಟ್ಟಿಗೆಗೆ ಆಂಟೆನಾ ತಂತಿಯೊಂದೇ ಗತಿ. ಅದು ಕಳಿಸುವ ಚಿತ್ರ ಜಪಾನಿನ ಒಂದನೇ ಅಥವಾ ಎರಡನೇ ಚಾನೆಲ್ಲಿಗೆ, ಅಂದರೆ 90ರಿಂದ 102 ಮೆಗಾಹರ್ಟ್ಸ್ ನಡುವೆ, ಹೋಗಿ ಕೂರುತ್ತದೆ. ದೂರದರ್ಶನದ ಕಾಲದ ನಮ್ಮ ಚಾನೆಲ್ಲುಗಳು 68ಕ್ಕೆ ನಿಂತು ಮತ್ತೆ 174ಕ್ಕೆ ಶುರುವಾಗುತ್ತಿದ್ದವು. ನಡುವಿನ ಆ ಜಾಗ ನಮ್ಮಲ್ಲಿ ಎಫ್‌ಎಂ ರೇಡಿಯೋದ್ದು. ಮಡಿಕೇರಿ ಆಕಾಶವಾಣಿ ಹುಡುಕಲು ಮುಳ್ಳು ತಿರುಗಿಸುವವರಿಗೆ 103ಕ್ಕೆ ಮೊದಲೇ ಮಾರಿಯೋ ಹಾಡು ಸಿಗುವ ಸಾಧ್ಯತೆ, ತಾಂತ್ರಿಕವಾಗಿ ನೋಡಿದರೆ, ಇದೆ. ಹೇಗೋ ಟೀವಿಯಲ್ಲೇ ಹಿಡಿದೆವೆಂದರೂ ಜಪಾನಿನದು ಎನ್‌ಟಿಎಸ್‌ಸಿ, 1982ರ ಏಷ್ಯಾಡ್ ಹೊತ್ತಿಗೆ ನಮ್ಮಲ್ಲಿಗೆ ಬಣ್ಣ ತಂದದ್ದು ಪಾಲ್ ಪದ್ಧತಿ. ಬಣ್ಣದ ಲೆಕ್ಕವೂ ಬೇರೆ, ಚಿತ್ರಕ್ಕೂ ಶಬ್ದಕ್ಕೂ ನಡುವಿನ ಅಂತರವೂ ಬೇರೆ. ಬರೀ ಪಾಲ್ ಬಲ್ಲ ಹಳೆಯ ಟೀವಿಯಲ್ಲಿ ಮಾರಿಯೋ ಕಪ್ಪು-ಬಿಳುಪಾಗಿ, ಮೂಗನಾಗಿ ಓಡಾಡುತ್ತಾನೆ.

ಹಾಗಾಗಿ ಮೈಕಿನ ಆಸೆ ಬಿಟ್ಟು, 1993ರಲ್ಲಿ ನಿಂಟೆಂಡೊ ಮತ್ತೆ ಮಾಡಿದ ಎವಿ ಫ್ಯಾಮಿಕಾಮಿಗೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಎವಿ ತಂತಿ ಇದೆ, ಈಗಿನ ಬಹುತೇಕ ಟೀವಿಗಳು ಎನ್‌ಟಿಎಸ್‌ಸಿಯನ್ನೂ ತಕರಾರಿಲ್ಲದೆ ತೋರಿಸುತ್ತವೆ.

ಉಳಿದದ್ದು ಕರೆಂಟು. ಜಪಾನಿನ ಮನೆಗಳಿಗೆ 100 ವೋಲ್ಟ್, ನಮಗೆ 230. (ಪ್ರದೇಶಭೇದದ ಮಾತು ಬಂದದ್ದಕ್ಕೆ ಹೇಳಬೇಕು: ಜಪಾನ್ ತನ್ನೊಳಗೇ ಎರಡು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಟೋಕಿಯೋದವರು ಜರ್ಮನಿಯಿಂದ ಜನರೇಟರ್ ತಂದರು, ಒಸಾಕಾದವರು ಅಮೆರಿಕದಿಂದ. ಇವತ್ತಿಗೂ ಪೂರ್ವದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60.) ಜಪಾನಿನ ಅಡಾಪ್ಟರನ್ನು ನೇರ ನಮ್ಮ ಪ್ಲಗ್ಗಿಗೆ ಚುಚ್ಚಿದರೆ ಹೊಗೆ. ಅಮೆರಿಕದ ಎನ್‌ಇಎಸ್ ಅಡಾಪ್ಟರ್ ಹಾಕೋಣವೆಂದರೆ ಅದು ಕೊಡುವುದು ಎಸಿ, ಫ್ಯಾಮಿಕಾಮಿಗೆ ಬೇಕಾದದ್ದು ಡಿಸಿ. ಕಳಸ ಪೇಟೆಯಲ್ಲಿ ವಿಚಾರಿಸಿದಾಗ ಎಲೆಕ್ಟ್ರಿಕಲ್ ಅಂಗಡಿಯ ಹುಡುಗ ವೈಫೈ ಡಬ್ಬಿಯ ಅಡಾಪ್ಟರ್ ಎತ್ತಿ ಕೊಟ್ಟು, "ಎಲ್ಲಾ ಒಂದೇ ಸಾವ್ಕಾರ್ರೆ, ಪಿನ್ ಕೂತ್ರೆ ಆಯ್ತು," ಎಂದ. ಪಿನ್ ಕೂರಬಹುದು. ವೈಫೈ ಅಡಾಪ್ಟರಿನ ನಡುವಿನ ತೂತು ಸಾಮಾನ್ಯವಾಗಿ ಪಾಸಿಟಿವ್, ಫ್ಯಾಮಿಕಾಮಿಗೆ ಅದು ನೆಗೆಟಿವ್ ಆಗಿರಬೇಕು, 10 ವೋಲ್ಟ್, 850 ಮಿಲಿಆಂಪ್. ಸೇಗಾ ಕಂಪನಿಯ ಮೊದಲ ಮೆಗಾ ಡ್ರೈವಿನ ಅಡಾಪ್ಟರ್ ಇದಕ್ಕೆ ಹೊಂದುತ್ತದೆ. ನಿಂಟೆಂಡೊದ ಆ ಕಾಲದ ಬದ್ಧ ವೈರಿಯ ಮನೆಯ ಊಟದಲ್ಲಿ ನಿಂಟೆಂಡೊ ಬದುಕುವುದು ಅಳಿಯನಿಗೆ ಬಹಳ ಇಷ್ಟವಾದ ಸಂಗತಿ. ಅವನು ಅದನ್ನೇ ಹುಡುಕಿ ತಂದ, 230 ವೋಲ್ಟಿನದು.

ಜೂನಿನ ಮಳೆ ಹಿಡಿಯುವ ಮೊದಲೇ ಪೆಟ್ಟಿಗೆ ಬಂತು. ತೋಟದ ರೈಟರು, ಅವರ ಮಗಳು, ಅಡಿಗೆಯವರು, ಎಲ್ಲ ನೆರೆದರು. ಸಾವ್ಕಾರರು ರಿಮೋಟ್ ಹಿಡಿದು ಬೆನ್ನು ನೆಟ್ಟಗೆ ಮಾಡಿದರು, ಸ್ಟಾರ್ಟ್ ಒತ್ತಿದರು, ಎದುರು ಬಂದ ಮೊದಲ ಅಣಬೆಗೇ ಢಿಕ್ಕಿ ಹೊಡೆದು ಸತ್ತರು. ಎರಡನೇ ಸಲ ಅಣಬೆ ದಾಟಿ ಗುಂಡಿಗೆ ಬಿದ್ದರು. ಮೂರನೇ ಸಲವೂ ಅದೇ ಗುಂಡಿ. ಜನ ಮೆಲ್ಲಗೆ ಕರಗಿದರು, ರೈಟರ ಮಗಳೊಬ್ಬಳು ಉಳಿದಳು.

"ಇದು ಸ್ಪೀಡ್ ಉಂಟು ಮಾರಾಯ. ಎಂಥದೋ ಹಾಳಾಗಿದೆ."

ಹಾಳಾಗಿರಲಿಲ್ಲ. ಜಪಾನಿನ ಟೀವಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತದೆ, ನಮ್ಮ ಪಾಲ್ ಟೀವಿ 50 ಸಲ. ಆಟ ಹೆಜ್ಜೆ ಹಾಕುವುದು ಚಿತ್ರದ ಲೆಕ್ಕದಲ್ಲಿ. ಪಾಲ್ ಟೀವಿಗೆಂದು ಮಾಡಿದ ನಕಲಿ ಪೆಟ್ಟಿಗೆಗಳಲ್ಲಿ ಜಪಾನಿನ ಆಟವನ್ನು ಇದ್ದ ಹಾಗೇ ಓಡಿಸುತ್ತಿದ್ದರು. ಹಾಡಿನ ಶ್ರುತಿ ಹೆಚ್ಚುಕಡಿಮೆ ಅದೇ, ಲಯ ಮಾತ್ರ ಆರರಲ್ಲಿ ಒಂದು ಪಾಲು ನಿಧಾನ. ಸಾವ್ಕಾರರ ಹೆಬ್ಬೆರಳು ಕಲಿತದ್ದು ಆ ಲಯವನ್ನು. ಹಿಂದೆ ಐದು ಹೆಜ್ಜೆ ಇಡುತ್ತಿದ್ದ ಹೊತ್ತಿಗೆ ಈಗ ಮಾರಿಯೋ ಆರು ಇಡುತ್ತಿದ್ದಾನೆ, ಬೆರಳು ಇನ್ನೂ ಐದರಲ್ಲೇ ಇದೆ. ಅಳಿಯ ಇಷ್ಟನ್ನೂ ಫೋನಿನಲ್ಲಿ ವಿವರಿಸಿದ.

ಹಾಗಾದರೆ ಯುರೋಪಿನದು ತರಿಸು, ಅಲ್ಲಿಯ ಟೀವಿಯೂ ಪಾಲ್ ತಾನೇ, ಎಂದರು ಸಾವ್ಕಾರರು. ವಿಷಯ ಚೆನ್ನಾಗಿಯೇ ತಲೆಗೆ ಹತ್ತಿತ್ತು. ಯುರೋಪಿನಲ್ಲಿ ಅನೇಕ ಆಟಗಳು ಹಾಗೇ ನಿಧಾನವಾಗಿ ಓಡುತ್ತಿದ್ದದ್ದು ನಿಜ. ಆದರೆ ಸೂಪರ್ ಮಾರಿಯೋ ಬ್ರದರ್ಸ್ ವಿಷಯದಲ್ಲಿ ನಿಂಟೆಂಡೊ ಕಾಳಜಿ ವಹಿಸಿ, ಅಲ್ಲಿಯ ಕ್ಯಾಸೆಟ್ಟಿನಲ್ಲಿ ಮಾರಿಯೋನ ಓಟವನ್ನೂ ಹಾಡನ್ನೂ ತಿದ್ದಿ ಚುರುಕು ಮಾಡಿತ್ತು. ಸಾವ್ಕಾರರ ಬೆರಳಿಗೆ ಒಗ್ಗುವ ಮಾರಿಯೋನನ್ನು ನಿಂಟೆಂಡೊ ಯಾವ ದೇಶದಲ್ಲೂ ಮಾರಿಯೇ ಇರಲಿಲ್ಲ. ಮಾರಿದ್ದು ಎಂ.ಜಿ. ರಸ್ತೆಯ ಅಂಗಡಿಗಳು.

ಈಗ ಎವಿ ಫ್ಯಾಮಿಕಾಮ್ ರೈಟರ ಮಗಳ ವಶದಲ್ಲಿದೆ. ಹಳೆಯ ಅಭ್ಯಾಸವೇನೂ ಇಲ್ಲದ ಅವಳು ಶಾಲೆಗೆ ಮಳೆ ರಜೆ ಸಿಕ್ಕಾಗಲೆಲ್ಲ ಬಂದು ಕೂತು, ಎಂಟನೇ ಲೋಕದವರೆಗೆ ಹೋಗಿದ್ದಾಳೆ. ಸಾವ್ಕಾರರು ಚಿಕ್ಕಮಗಳೂರಿಗೆ ಹೋದಾಗಲೆಲ್ಲ ಹಳೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಅಟ್ಟ ತಡಕಿಸುತ್ತಾರೆ. ಅಂಗಡಿಯವರು ನಾಲ್ಕು ನೂರು ಆಟ ತುಂಬಿದ, ಅಂಗೈಯಲ್ಲಿ ಹಿಡಿಯುವ ಹೊಸ ಗೇಮು ತೋರಿಸಿದರೆ ಕೈ ಅಲ್ಲಾಡಿಸುತ್ತಾರೆ.

"ಮಾವ, ನಿಮಗೆ ಬೇಕಾಗಿರೋದು ಡುಪ್ಲಿಕೇಟು," ಎಂದ ಅಳಿಯ.

"ಹೌದು. ಆದ್ರೆ ಒರಿಜಿನಲ್ ಡುಪ್ಲಿಕೇಟೇ ಆಗ್ಬೇಕು. ಈಗಿನ ಡುಪ್ಲಿಕೇಟಿನ ಡುಪ್ಲಿಕೇಟು ನಂಗೆ ಬೇಡ."